ಕೆಂಪಗುಡ್ಡದ ಹವಾಲ್ದಾರ ಮತ್ತು ವಾಲ್ವಿನ ಚಾವಿ

ಗುಳೇದಗುಡ್ಡದಿಂದ ಎರಡು ಹರದಾರಿ ದೂರದ ಕೆಂಪಗುಡ್ಡ ಠಾಣೆಯಲ್ಲಿ ಅಮಾತೆಪ್ಪ ಹವಾಲ್ದಾರ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ. ಕಳ್ಳನ ಪಕ್ಕ ಕೂತು, ಅವನ ಮನೆಮಂದಿಯ ಕ್ಷೇಮ ವಿಚಾರಿಸಿ, ಎರಡು ಕಪ್ ಚಹಾ ಕುಡಿಸುವುದರೊಳಗೆ ಕಳವಿನ ಮಾಲು ತಾನಾಗಿ ಹೊರಬೀಳುತ್ತಿತ್ತು. ಅವನಲ್ಲಿ ಇದ್ದದ್ದು ಒಂದೇ ದೋಷ. ಮಧ್ಯಾಹ್ನ ಉಂಡ ಮೇಲೆ ಎಲ್ಲಿ ಕೂರಿಸಿದರೂ ನಿದ್ದೆ. ಬಂದೋಬಸ್ತಿಗೆ ಹೋದಲ್ಲಿ ನಿಂತೇ ಗೊರಕೆ ಹೊಡೆದದ್ದನ್ನು ಕಂಡವರಿದ್ದರು.

ಕಳೆದ ವರ್ಷ ಬಾಗಲಕೋಟೆಯಲ್ಲಿ ಪೊಲೀಸರಿಗೆ ಅಪರಾಧಶಾಸ್ತ್ರದ ಒಂದು ದಿನದ ತರಬೇತಿ ಇತ್ತು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಗೀತಾಂಜಲಿ ಮೇಡಂ ಪಾಠ ಮಾಡಿದರು. ಹಿಂದಿನ ಕಾಲದ ವಿದೇಶಿ ಪಂಡಿತರು ಅಪರಾಧಿಗಳು ಹುಟ್ಟಿನಿಂದಲೇ ಬೇರೆ ಎಂದು ನಂಬಿದ್ದರಂತೆ. ಅಂಥವರ ಕಿವಿ ದೊಡ್ಡದು, ದವಡೆ ಅಗಲ ಎಂದು ಟೇಪು ಹಿಡಿದು ಅಳೆಯುತ್ತಿದ್ದರಂತೆ. ಅಮಾತೆಪ್ಪ ಇದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡ. ಆಮೇಲೆ ಊಟ. ಎಣ್ಣೆಗಾಯಿ, ರೊಟ್ಟಿ, ಮೇಲೆ ಶೇಂಗಾ ಹೋಳಿಗೆ. ಮಧ್ಯಾಹ್ನ ಮೇಡಂ, ಈ ಕಿವಿ ದವಡೆಯ ಮಾತು ಶುದ್ಧ ಸುಳ್ಳೆಂದು ಗೊತ್ತಾಗಿ ನೂರು ವರ್ಷವಾಯಿತು, ಈಗ ಮನುಷ್ಯನ ಸುತ್ತಲಿನ ಬದುಕನ್ನು ನೋಡಬೇಕು ಎಂದು ಹೇಳುವಾಗ ಹವಾಲ್ದಾರ ಹಿಂದಿನ ಸಾಲಿನಲ್ಲಿ ಗಾಢ ನಿದ್ದೆಯಲ್ಲಿದ್ದ.

ಊರಿಗೆ ಬಂದವನೇ ದರ್ಜಿಯ ಅಂಗಡಿಯಿಂದ ಒಂದು ಟೇಪು ತಂದ. ಮರುದಿನವೇ ಕೇಸೂ ಬಂತು. ಊರಿಗೆ ನೀರು ಬಿಡುವ ದುಂಡೇಶ ಠಾಣೆಯ ಮೆಟ್ಟಿಲ ಮೇಲೆ ಕೂತು ಗೋಳಾಡಿದ.

"ನೇಕಾರ ಓಣ್ಯಾಗ ವಾಲ್ವಿನ ಚಾವಿ ಕಳುವಾಗೈತ್ರಿ ಸಾಹೇಬ್ರ. ಇದು ನಾಕನೇದು!"

ಚಾವಿ ಎಂದರೆ ಎದೆಮಟ್ಟದ ಕಬ್ಬಿಣದ ಸರಳು. ಅದಿಲ್ಲದೆ ನೀರಿನ ವಾಲ್ವು ತಿರುಗುವುದಿಲ್ಲ.

ಅಮಾತೆಪ್ಪ ಟೇಪು ಹಿಡಿದು ನೇಕಾರ ಓಣಿಗೆ ನಡೆದ. ಮನೆಮನೆಯಲ್ಲೂ ಪವರ್‌ಲೂಮಿನ ಮೇಲೆ ಕುಪ್ಪಸದ ಖಣ ನೇಯುವ ಓಣಿ ಅದು. ಮೊದಲ ಮನೆ ಹನಮವ್ವನದು. ಅರವತ್ತು ದಾಟಿದ ಹೆಂಗಸು, ಗಟ್ಟಿ ದನಿ.

"ಕಿವಿ ಯಾಕ ಅಳೀತಿಯಪಾ? ಬೆಂಡೋಲಿ ಮಾಡಸ್ತೀಯೇನು?"

"ಸರ್ಕಾರಿ ಕೆಲಸ ಐತಬೇ, ಸುಮ್ಮನ ನಿಂದ್ರು."

ಸರ್ಕಾರಿ ಎಂಬ ಒಂದು ಮಾತು ಸಾಕಾಯಿತು. ಕಿವಿ ಕೇಳದವರಿಗೆ ಮಷೀನು ಕೊಡುತ್ತಾರೆಂದು ಸುದ್ದಿ ಹಬ್ಬಿ, ಅರ್ಧ ತಾಸಿನಲ್ಲಿ ಓಣಿಯ ತುಂಬ ಸಾಲು. ಚೆನ್ನಾಗಿ ಕಿವಿ ಕೇಳುವವರೂ "ಆಂ? ಏನಂದ್ರಿ?" ಎನ್ನತೊಡಗಿದರು. ಹವಾಲ್ದಾರ ಎಂಬತ್ತಾರು ಕಿವಿ ಅಳೆದು, ಬೆವರೊರೆಸುತ್ತ ಮನೆಗೆ ಬಂದ.

ಹೆಂಡತಿ ಗುರುಲಿಂಗವ್ವ ಕಿವಿಯಳತೆಯ ಪಟ್ಟಿ ನೋಡಿದಳು. ಟೇಪು ಕಸಿದು ಗಂಡನ ಕಿವಿಗೆ ಹಿಡಿದಳು.

"ಎಲ್ಲಾರಕಿಂತ ನಿಮ್ಮದ ಉದ್ದ ಐತಿ. ಮೊದಲ ನಿಮಗ ಬೇಡಿ ಹಾಕ್ಕೋರ್ರಿ."

ಅಮಾತೆಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ಮೇಡಂಗೆ ಫೋನು ಹಚ್ಚಿದ. ಎಲ್ಲ ಕೇಳಿ ಅವರು ಕೇಳಿದರು, "ಮಧ್ಯಾಹ್ನದ ಕ್ಲಾಸಿಗೆ ಇದ್ರೇನ್ರಿ?"

"ಇದ್ದೆರಿ ಮೇಡಂ."

"ಎಚ್ಚರ ಇದ್ರೇನ್ರಿ?"

ಹವಾಲ್ದಾರ ಕೆಮ್ಮಿದ. ಆ ಕಡೆ ಮೇಡಂ ನಗುತ್ತಲೇ ಹೇಳಿದರು, "ಕಿವಿ ಬಿಡ್ರಿ. ಮಂದಿ ಹ್ಯಾಂಗ ಬದುಕ್ತಾರ ನೋಡ್ರಿ. ಆ ಚಾವಿ ಅವ್ರಿಗೆ ಯಾಕ ಬೇಕಾತು, ಅದನ್ನ ಹುಡುಕ್ರಿ."

ಇದು ಅಮಾತೆಪ್ಪನಿಗೆ ಬರುವ ವಿದ್ಯೆಯೇ. ನೀರು ಬಿಡುವ ದಿನ ಬೆಳಿಗ್ಗೆಯೇ ಹೋಗಿ ಹನಮವ್ವನ ಕಟ್ಟೆಯ ಮೇಲೆ ಕೂತ. ದುಂಡೇಶ ಹೊಸ ಚಾವಿ ತಂದು ಹತ್ತು ಗಂಟೆಗೆ ನೀರು ಬಿಟ್ಟುಹೋದ. ಹತ್ತಕ್ಕೇ ಕರೆಂಟೂ ಬಂತು. ಓಣಿಗೆ ಓಣಿಯೇ ಖಟಖಟ ಎನ್ನತೊಡಗಿತು. ಮಗ್ಗ ನಿಲ್ಲಿಸಿದರೆ ಆ ದಿನದ ಕೂಲಿ ಹೋಯಿತು, ಹಾಗಾಗಿ ಒಬ್ಬ ಹೆಂಗಸೂ ಹೊರಗೆ ಬರಲಿಲ್ಲ. ನೀರು ಬೀದಿ ನಲ್ಲಿಯಿಂದ ನೇರ ಗಟಾರಕ್ಕೆ ಹರಿಯಿತು. ಹನ್ನೊಂದಕ್ಕೆ ದುಂಡೇಶ ವಾಲ್ವು ಮುಚ್ಚಿದ. ಒಂದು ಗಂಟೆಗೆ ಕರೆಂಟು ಹೋಯಿತು, ಮಗ್ಗ ನಿಂತವು, ಹೆಂಗಸರು ಕೊಡ ಹಿಡಿದು ಬಂದರು. ನಲ್ಲಿಯಲ್ಲಿ ಗಾಳಿ ಮಾತ್ರ.

ಅವರೆಲ್ಲ ಹವಾಲ್ದಾರನ ಮುಖ ನೋಡುತ್ತ ನಿಂತರು. ಹವಾಲ್ದಾರ ಅವರ ಮುಖ ನೋಡುತ್ತ ಕೂತ. ಹತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಹನಮವ್ವನ ತಾಳ್ಮೆ ಕೆಟ್ಟಿತು.

"ಹವಾಲ್ದಾರಪ್ಪಾ, ನೀ ಎದ್ದು ಹೊಕ್ಕೀಯೋ ಇಲ್ಲೋ? ನಾವು ನೀರ್ ಬಿಟ್ಕೋಬೇಕು!"

ಅಂದದ್ದು ಅಂದಾಯಿತು. ಹನಮವ್ವ ನಾಲಗೆ ಕಚ್ಚಿಕೊಂಡಳು. ಆಮೇಲೆ ಆದದ್ದಾಗಲಿ ಎಂದು ಒಳಗೆ ಹೋಗಿ, ಹಳೆಯ ಕೈಮಗ್ಗದ ಕುಣಿಯಿಂದ ಕಬ್ಬಿಣದ ಚಾವಿ ಎಳೆದು ತಂದಳು. ಉಳಿದ ಮೂರರಲ್ಲಿ ಒಂದಕ್ಕೆ ಆಡು ಕಟ್ಟಿತ್ತು, ಇನ್ನೊಂದರ ಮೇಲೆ ಸೀರೆ ಒಣಗುತ್ತಿತ್ತು. ಮತ್ತೊಂದನ್ನು ಎಲ್ಲಿಟ್ಟಿದ್ದರೋ ಅವರಿಗೇ ಮರೆತಿತ್ತು.

"ನಾವೇನು ಗುಜರಿಗೆ ಮಾರಿಲ್ಲಪಾ. ಮಗ್ಗ ಬಿಟ್ರ ರೊಟ್ಟಿ ಇಲ್ಲ, ನೀರ್ ಬಿಟ್ರ ಅಡಿಗಿ ಇಲ್ಲ. ಹೇಳು, ಯಾವುದ ಬಿಡೂಣು?"

ಹಾಗೆನ್ನುತ್ತಲೇ ಹನಮವ್ವ ಚಾವಿಯನ್ನು ವಾಲ್ವಿಗೆ ಹಚ್ಚಿದಳು. ಮುದುಕಿ ವಾಲ್ವಿನ ಜೊತೆ ಗುದ್ದಾಡುವುದನ್ನು ನೋಡಲಾರದೆ, ಟೊಪ್ಪಿಗೆ ತೆಗೆದಿಟ್ಟು, ಅಮಾತೆಪ್ಪ ತಾನೇ ಚಾವಿ ಹಿಡಿದು ತಿರುಗಿಸಿದ. ನೀರು ಭರ್ರನೆ ಬಂತು. ಅದೇ ಹೊತ್ತಿಗೆ ಸೈಕಲ್ ಮೇಲೆ ಬಂದ ದುಂಡೇಶ ಕಳವಿನ ಚಾವಿಯನ್ನು ಖಾಕಿಯ ಕೈಯಲ್ಲಿ ಕಂಡು ಬಾಯಿ ತೆರೆದು ನಿಂತ.

"ಸಾಹೇಬ್ರ, ನೀವೂ ಏನ್ರಿ?"

"ನನ್ನ ಬಿಡಲೇ. ಹತ್ತಕ್ಕ ನೀರ್ ಬಿಡು ಅಂತ ನಿನಗ ಯಾರ್ ಹೇಳ್ಯಾರು?"

ದುಂಡೇಶ ತಲೆ ಕೆರೆದುಕೊಂಡ. "ಯಾರೂ ಹೇಳಿಲ್ಲರಿ. ಮೊದಲಿಂದ ಹಂಗ ಬಿಟ್ಕೋತ ಬಂದೇನಿ."

"ಇನ್ನ ಮ್ಯಾಲ ಎರಡಕ್ಕ ಬಿಡು."

"ಬಿಡ್ತೇನ್ರಿ. ನನಗೇನು, ಅಷ್ಟೊತ್ತಿಗೆ ಊಟನೂ ಆಗಿರ್ತೈತಿ."

ಅಷ್ಟೇ ಆದದ್ದು. ದುಂಡೇಶ ಫಿರ್ಯಾದು ವಾಪಸು ತೆಗೆದುಕೊಂಡ. ಆರೋಪಿ ಯಾರು ಎಂದು ಠಾಣೆಯ ಫೌಜದಾರರು ಕೇಳಿದಾಗ ಅಮಾತೆಪ್ಪ ಯೋಚಿಸಿ, "ಮುಂಜಾನಿ ಹತ್ತು ಗಂಟಿರಿ ಸಾಹೇಬ್ರ" ಎಂದ. ಅವರಿಗೆ ತಿಳಿಯಲಿಲ್ಲ, ಫೈಲು ಮುಚ್ಚಿದರು. ಈಗ ವರ್ಷವಾಯಿತು, ನೇಕಾರ ಓಣಿಯಲ್ಲಿ ಒಂದು ಚಾವಿಯೂ ಕಳುವಾಗಿಲ್ಲ. ಆದರೆ ಕಿವಿ ಮಷೀನು ಯಾವಾಗ ಬರುತ್ತದೆಂದು ಕೇಳುವವರ ಕಾಟ ತಾಳಲಾರದೆ ಹವಾಲ್ದಾರ ಆ ಓಣಿಗೆ ಹೋಗುವುದನ್ನೇ ಬಿಟ್ಟು, ಕೆರೆಯ ದಂಡೆ ಸುತ್ತಿ ಠಾಣೆಗೆ ಬರುತ್ತಾನೆ.