ಹೇರ್ಳೆಯವರ ಸೈಕಲ್ಲಿಗೆ ಕೋಡು

"ಅಮ್ಮಾ, ಅಜ್ಜಯ್ಯಂದ್ ಎಂತ ಕಳ್ದ್ ಹೋಯ್ತ್?"

ಚಂದನಾ ಹಾಗೆ ಕೇಳಿದಾಗ ನಾನು ದೋಸೆ ಮಗುಚುತ್ತಿದ್ದೆ. ಏನೂ ಕಳೆದಿಲ್ಲ ಎಂದೆ.

"ಮತ್ತೆಂತಕೆ ಸೈಕಲ್ಲಿನ್ ಮೇಲೆ ಕೂಕಂಡ್ ನೆಲ ಹುಡ್ಕುದ್? ನಾ ಗೇಟಿನ್ ಹತ್ರ ನಿಂತ್ ಟಾಟಾ ಮಾಡ್ರೂ ಕಾಂತಿಲ್ಲೆ."

ಐದು ವರ್ಷದ ಮಗುವಿಗೆ ಕಂಡದ್ದು ಮೂರು ವಾರದಿಂದ ನನಗೆ ಕಂಡಿರಲಿಲ್ಲ. ಕಂಡಿರಲಿಲ್ಲ ಎನ್ನುವುದಕ್ಕಿಂತ, ಕಾಣದೆ ಇರುವುದು ನನಗೆ ಅನುಕೂಲವಾಗಿತ್ತು. ಆ ಸೈಕಲ್ಲು ಮನೆಗೆ ಬಂದದ್ದರಲ್ಲಿ ನನ್ನ ಕೈಯೂ ಇತ್ತು.

ಅಜ್ಜಯ್ಯ ಎಂದರೆ ನನ್ನ ಗಂಡನ ತಂದೆ, ಕಮಲಾಕ್ಷ ಹೇರ್ಳೆ. ಪ್ರಾಯ ಅರವತ್ತನಾಲ್ಕು. ಸಾಲಿಗ್ರಾಮದ ನಮ್ಮ ಮನೆಯಿಂದ ಹೊರಟು ಬ್ರಹ್ಮಾವರದಿಂದ ಬೈಂದೂರಿನವರೆಗೆ ನಲವತ್ತು ವರ್ಷ ಮದುವೆ, ಉಪನಯನ, ತಿಥಿ ಎಂದು ಅಡುಗೆ ಮಾಡಿದವರು. ನೈವೇದ್ಯ ಆಗುವ ಮೊದಲು ಅಡುಗೆಯವರು ರುಚಿ ನೋಡುವಂತಿಲ್ಲವಲ್ಲ. ಹಾಗಾಗಿ ಮಾವ ಹುಳಿಯ ಕೊಪ್ಪರಿಗೆಯ ಮೇಲೆ ಸೊಂಟ ಮುರಿದು ಬಗ್ಗಿ, ಏಳುವ ಆವಿಯನ್ನು ಮೂಸಿ, "ಉಪ್ಪು ಒಂದ್ ಮುಷ್ಟಿ ಕಮ್ಮಿ" ಎನ್ನುತ್ತಿದ್ದರಂತೆ. ಲೆಕ್ಕ ತಪ್ಪುತ್ತಿರಲಿಲ್ಲವಂತೆ. ನಾನು ಮಾಡಿದ ಸಾರನ್ನು ಮಾತ್ರ ಅವರು ಮೂಸುವುದಿಲ್ಲ. "ಸೊಸಿ ಮಾಡದ್ದ್ ಮೂಸುಕಾಗ, ಉಣ್ಕ್" ಎನ್ನುತ್ತಾರೆ. ಅದು ಹೊಗಳಿಕೆಯೋ ಧೈರ್ಯವೋ, ನಾನು ಇನ್ನೂ ಕೇಳಿಲ್ಲ.

ಎರಡು ವರ್ಷದ ಹಿಂದೆ ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಡಾಕ್ಟರು ಒಲೆಯನ್ನೂ ಹೋಳಿಗೆಯನ್ನೂ ಒಟ್ಟಿಗೆ ಬಿಡಿಸಿದರು. ದಿನಾ ನಡೆಯಿರಿ ಎಂದರು. ಮಾವ ಒಪ್ಪಲಿಲ್ಲ. "ನಡಿತಾ ಹ್ವಾರೆ ಸಿಕ್ಕಿದವ್ರೆಲ್ಲ ಮದಿ ಅಡ್ಗಿಗೆ ಕರಿತ್ರ್. ಸೈಕಲ್ಲಾರೆ, ಅವ್ರ್ ಕೇಂಡ್ ಮುಗ್ಸುವತಿಗೆ ನಾ ದಾಟಿರ್ತೆ." ಹೀಗೆ ಹಳೆಯ ಸೈಕಲ್ಲಿಗೆ ಎಣ್ಣೆ ಬಿತ್ತು. ದಿನಾ ಕೋಟದವರೆಗೆ ಹೋಗಿ, ಒಂದು ಸಕ್ಕರೆ ಇಲ್ಲದ ಕಾಫಿ ಕುಡಿದು, ದೊಡ್ಡ ಯಾತ್ರೆ ಮುಗಿಸಿದವರಂತೆ ಬರುತ್ತಿದ್ದರು.

ಬೈಂದೂರಿಗೆ ಹೋಗುವ ಮಾತು ಎದ್ದದ್ದು ಅಲ್ಲಿರುವ ಅವರ ಅಕ್ಕನಿಂದ. ಸುಗುಣಾ ಅತ್ತೆಗೆ ಎಪ್ಪತ್ತೆರಡು. ಮಾವ ಬೈಂದೂರಿಗೆ ನೂರು ಸಲ ಹೋಗಿದ್ದಾರೆ, ಎಲ್ಲವೂ ಅಡುಗೆಗೆ. ಕೊನೆಯ ಪಂಕ್ತಿ ಎದ್ದು, ಪಾತ್ರೆ ತೊಳೆಸಿ, ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅಕ್ಕನ ಮನೆಗೆ ಹೊತ್ತೇ ಇರುತ್ತಿರಲಿಲ್ಲ. "ಊರಿಗೆಲ್ಲ ಬಡ್ಸ್ದೆ. ನನ್ ಮನಿಯಂಗೆ ಎಲಿ ಎದ್ರ್ ಒಂದಿನ ಕೂಕಣ್ಲಿಲ್ಲೆ ನೀನು" ಎಂದು ಅವರು ಫೋನಿನಲ್ಲಿ ಹೇಳಿದ್ದು ಮಾವನಿಗೆ ನಾಟಿತು.

"ಬತ್ತೆ ಅಕ್ಕ. ದೀಪಾವಳಿ ಕಳ್ದ್ ಮೂರ್ನೇ ಆಯ್ತಾರ. ಬಸ್ಸಿನ್ ಗಡಿಬಿಡಿಯೇ ಬ್ಯಾಡ, ಸೈಕಲ್ಲಂಗೇ ಬತ್ತೆ" ಎಂದುಬಿಟ್ಟರು. ಐವತ್ತು ಕಿಲೋಮೀಟರ್ ಹತ್ತಿರ. ಫೋನಿಟ್ಟ ಮೇಲೆ ನನ್ನ ಮುಖ ನೋಡಿ, "ಕೋಟಕ್ಕಿಂತ ಸ್ವಲ್ಪ ದೂರ, ಅಲ್ದಾ?" ಎಂದರು.

ಹಳೆಯ ಸೈಕಲ್ಲು ಅಷ್ಟು ದೂರ ಬರುವಂಥದ್ದಲ್ಲ. ಹೊಸದಕ್ಕೆಂದು ಇಬ್ಬರೂ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದೆವು. ಅಂಗಡಿಯ ನಿತೇಶ್ ಮೊದಲೇ ಕೇಳಿದ, "ಡ್ರಾಪ್ ಬೇಕಾ ಭಟ್ರೆ, ಫ್ಲಾಟ್ ಬೇಕಾ?"

"ಡ್ರಾಪ್ ಬ್ಯಾಡ ಮಾರಾಯ. ಬಸ್ಸಂಗೆ ಬಂದ್ಯೊ, ಬಸ್ಸಂಗೇ ಹೋತ್ಯೊ."

"ಅದಲ್ದೆ ಭಟ್ರೆ. ಫ್ಲಾಟ್..."

"ಫ್ಲಾಟಿನ್ ಸುದ್ದಿ ತೆಗಿಬ್ಯಾಡ. ಸ್ವಂತ ಮನಿ ಇತ್ತ್."

ನಾನು ಗಟ್ಟಿಯಾಗಿ ನಕ್ಕೆ. ನಗುವ ಹಕ್ಕು ನನಗೇನೂ ಇರಲಿಲ್ಲ. ಹಿಂದಿನ ದಿನ ನಾಲ್ಕು ವಿಡಿಯೊ ನೋಡಿರದಿದ್ದರೆ, ಫ್ಲಾಟು ಎಷ್ಟನೇ ಮಹಡಿಯಲ್ಲಿದೆ ಎಂದು ನಾನೇ ಕೇಳುತ್ತಿದ್ದೆನೋ ಏನೋ.

ನಿತೇಶ್ ಎರಡನ್ನೂ ತೋರಿಸಿದ. ಫ್ಲಾಟ್ ಎಂದರೆ ಕೋಲಿನಂತೆ ನೇರವಾದ ಹ್ಯಾಂಡಲ್. ಹಿಡಿದು ಕೂತವರ ಬೆನ್ನು ತಕ್ಕಮಟ್ಟಿಗೆ ನೆಟ್ಟಗಿರುತ್ತದೆ. ಡ್ರಾಪ್ ಎಂದರೆ ಟಗರಿನ ಕೋಡಿನಂತೆ ಮುಂದೆ ಹೋಗಿ ಕೆಳಕ್ಕೆ ಸುರುಳಿಯಾದದ್ದು. ಬಗ್ಗಿ ಹಿಡಿದರೆ ಗಾಳಿ ಕಡಿಮೆ ತಾಗುತ್ತದೆ. "ನಿಮ್ ಪ್ರಾಯಕ್ಕೆ ಫ್ಲಾಟೇ ಒಳ್ಳೇದ್" ಎಂದ. ಅವನು ಪ್ರಾಯದ ಮಾತೆತ್ತಬಾರದಿತ್ತು.

"ಬಗ್ಗುಕೆ ನಂಗೆ ಹೇಳಿಕೊಡ್ತ್ಯಾ? ನಲ್ವತ್ ವರ್ಷ ಕೊಪ್ರಿಗಿಗೆ ಬಗ್ಗಿದ್ ಬೆನ್ನ್ ಇದ್. ಮರವಂತೆ ಹತ್ರ ಸಮುದ್ರದ್ ಗಾಳಿ ಹೊಡಿತತ್ತಲೆ, ಅದ್ನ್ ನೀ ಬಂದ್ ತಡಿತ್ಯಾ?" ಎಂದು ಕೇಳಿ ಮಾವ ನನ್ನತ್ತ ತಿರುಗಿದರು. "ನೀ ಎಂತ ಹೇಳ್ತೆ?"

ಆಗ ನಾನು ಬುದ್ಧಿ ಹೇಳಬಹುದಿತ್ತು. "ಕೋಡಿಂದೇ ಚಂದ ಕಾಂತ್ ಮಾವ" ಎಂದೆ. ಫೋಟೊಗೆ ಚಂದ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅಂಗಡಿಯ ಎದುರೇ ಒಂದು ಫೋಟೊ ತೆಗೆದು, "ಅರವತ್ತನಾಲ್ಕರ ಹರೆಯ" ಎಂದು ಬರೆದು ಸ್ಟೇಟಸ್ ಹಾಕಿದೆ. ಎಂಬತ್ತಾರು ಜನ ನೋಡಿದರು. ಅದರಲ್ಲಿ ಸುಗುಣಾ ಅತ್ತೆಯೂ ಇದ್ದರು. ಅವರು ತಮ್ಮ ಓಣಿಗೆಲ್ಲ ತೋರಿಸಿದರು. ಇನ್ನು ಕೋಡು ಬಿಚ್ಚುವುದೆಂದರೆ ನಮ್ಮಿಬ್ಬರ ಮರ್ಯಾದೆ ಬಿಚ್ಚಿದ ಹಾಗೆ.

ಆಮೇಲೆ ಮೂರು ವಾರ ಮಾವ ಕುತ್ತಿಗೆಗೆ ಮುಲಾಮು ಹಚ್ಚಿಕೊಂಡು ಸುಮ್ಮನಿದ್ದರು. ವಾಸನೆ ಮೂಗಿಗೆ ಹೊಡೆದರೂ ನಾನು ಸುಮ್ಮನಿದ್ದೆ. ಒಂದು ಬೆಳಿಗ್ಗೆ ನಮ್ಮ ಗೇಟನ್ನೇ ದಾಟಿ ಮುಂದೆ ಹೋಗಿ, ಹತ್ತು ನಿಮಿಷ ಬಿಟ್ಟು ಬಂದರು. "ಇನ್ನೊಂದ್ ರೌಂಡ್ ಹಾಕ್ದೆ" ಎಂದರು. ನಾನು ನಂಬಿದೆ, ಅಂದರೆ ನಂಬಿದ ಹಾಗೆ ಮಾಡಿದೆ.

ಮಗಳು ಪ್ರಶ್ನೆ ಕೇಳಿದ ದಿನ ಮಾವ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಅಂಗಿ ಒದ್ದೆ. ಮೊಣಕೈ ತರಚಿತ್ತು. ಅವರಿಗಿಂತ ಮೊದಲು ಮನೆಯೊಳಗೆ ಬಂದದ್ದು ಮೀನಿನ ವಾಸನೆ.

"ಎಂತಾಯ್ತ್ ಮಾವ?"

"ಎಂತ ಇಲ್ಲೆ. ಬದಿಯಂಗೆ ಮೀನಿನ್ ಟೆಂಪೊ ನಿಂತಿತ್ತ್. ಹಿಂದಿಂದ ಹೋಯಿ ನಮಸ್ಕಾರ ಮಾಡ್ದೆ."

ಗುದ್ದಿದ ರಭಸಕ್ಕೆ ಪೆಟ್ಟಿಗೆಯ ಐಸು ನೀರು ಮೈಮೇಲೆ ಸುರಿದಿತ್ತು. ಟೆಂಪೊದ ನಾಗ ಎಬ್ಬಿಸಿ ಕೂರಿಸಿ, ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ, "ಹ್ವಾಯ್ ಭಟ್ರೆ, ಮೀನ್ ಬೇಕಿದ್ರೆ ಬಾಯ್ ಬಿಟ್ ಕೇಂಬುದಲ್ದಾ?" ಎಂದನಂತೆ. ಇದನ್ನು ಮಾವನೇ ನಾಗನ ದನಿಯಲ್ಲಿ ಹೇಳಿ ತೋರಿಸಿದರು. ನಾನು ನಗಲಿಲ್ಲ. ಟೆಂಪೊ ನಿಂತಿತ್ತು, ಎದುರಿಂದ ಬರುವ ಲಾರಿ ಆಗಿದ್ದರೆ ಎಂದು ನೆನೆಯುತ್ತ ಮೀಯಲು ಬಿಸಿನೀರು ತೋಡಿಕೊಟ್ಟೆ.

ಮಿಂದು ಬಂದು ಜಗಲಿಯಲ್ಲಿ ಕೂತ ಮೇಲೆ ಅವರು ತಾವಾಗಿಯೇ ಹೇಳಿದರು.

"ಕಾಣ್ ಮಾರಾಯ್ತಿ, ಮೊದ್ಲ್ ಬಂಗ್ಡಿ ವಾಸ್ನಿ ಬಂತ್. ಮೀನ್ ಟೆಂಪೊ ಅಂದ್ ಗೊತ್ತಾಯ್ತ್. ಹತ್ರವೇ ಇತ್ತ್ ಅಂದೂ ಗೊತ್ತಾಯ್ತ್. ಆರೆ ತಲಿ ಎತ್ತುಕಾಯ್ಲಿಲ್ಲೆ." ಕುತ್ತಿಗೆ ಒತ್ತಿಕೊಂಡರು. "ಹುಳಿ ಎದ್ರಿಂದ ಬತ್ತಿಲ್ಲೆ ಅಲ್ದಾ, ಅದ್ ಕೆಳ್ಗೇ ಇರತ್ತ್. ನಲ್ವತ್ ವರ್ಷ ಬಗ್ಗುಕೆ ಕಲ್ತೆ. ಬಗ್ಗಿದ್ ಮೇಲೆ ತಲಿ ಎತ್ತುಕೆ ನಂಗ್ಯಾರೂ ಕಲ್ಸಲಿಲ್ಲೆ."

"ನಾನ್ ಚಂದಕ್ಕೆ ಹೇಳದ್ದ್ ಮಾವ, ಫೋಟೊಗೆ" ಎಂದೆ.

"ಗೊತ್ತಿತ್ತ್. ನಾನೂ ಚಂದಕ್ಕೇ ತಕಂಡದ್ದ್. ಮರವಂತೆ ಗಾಳಿ ಎಲ್ಲ ಸುಮ್ನೆ."

ಹತ್ತು ದಿನ ಉಳಿದಿತ್ತು. ಫ್ಲಾಟ್ ಹಾಕಿಸೋಣ ಎಂದೆ. ಅವರಿಗೆ ಅಕ್ಕನದೇ ಚಿಂತೆ. ಓಣಿಗೆಲ್ಲ ಕೋಡು ತೋರಿಸಿಕೊಂಡು ಕೂತವರ ಎದುರು ಬೋಳು ಸೈಕಲ್ಲಿನಲ್ಲಿ ಇಳಿಯುವುದು ಹೇಗೆ? ಬಸ್ಸಿನಲ್ಲೇ ಹೋದರೆ ಮಾತು ತಪ್ಪಿತು. ಕೋಡಿನ ಸೈಕಲ್ಲಿನಲ್ಲಿ ಹೋದರೆ ತಲುಪುವುದೇ ಖಾತ್ರಿಯಿಲ್ಲ. ಕೊನೆಗೆ ನಾನೇ ಅವರ ಎದುರೇ ಅಕ್ಕನಿಗೆ ಫೋನು ಹಚ್ಚಿ, ಚಂದನಾಳ ಟಾಟಾದಿಂದ ಹಿಡಿದು ಇದ್ದದ್ದೆಲ್ಲ ಹೇಳಿ, ಸ್ಪೀಕರಿಗೆ ಹಾಕಿದೆ.

"ಹ್ಯಾಂಡ್ಲಿಗೆ ಯಾರ್ ಬಡ್ಸುಕಿದ್ರ್ ಇಲ್ಲಿ?" ಎಂದರು ಸುಗುಣಾ ಅತ್ತೆ. "ಬಡ್ಸುದ್ ನಿಂಗೆ. ಸರಿ ಕಾಣ್ಕಂಡ್ ಬಾ."

ಮತ್ತೆ ಕುಂದಾಪುರಕ್ಕೆ ಹೋದೆವು. ನಿತೇಶ್ ಹಿಂದಿನ ಮಾತೆತ್ತದೆ ಮರ್ಯಾದೆಯಿಂದ ನಡೆದುಕೊಂಡ, ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಬ್ರೇಕು, ಗೇರಿನ ಹಿಡಿಗಳನ್ನೂ ಬದಲಿಸಿ ನೇರ ಹ್ಯಾಂಡಲ್ ಕೂರಿಸಿದ. ಆದರೆ ಇದರಲ್ಲಿ ಕೈ ಇಡಲು ಒಂದೇ ಜಾಗ, ದೂರ ಹೋದರೆ ಅಂಗೈ ಜೋಮು ಹಿಡಿಯುತ್ತದೆ ಎಂದ. "ಎರಡ್ ತುದಿಗೂ ಸಣ್ಣ ಕೋಡ್ ಹಾಕ್ತೆ ಭಟ್ರೆ. ಆಗಾಗ ಕೈ ಬದ್ಲಿ ಹಿಡಿಲಕ್."

"ಹಾಕ್ ಮಾರಾಯ. ಮರ್ಯಾದಿಗೆ ಎರಡಿರ್ಲಿ."

ನಾಳೆ ಆದಿತ್ಯವಾರ. ಮಾವ ಬೆಳಿಗ್ಗೆ ಆರಕ್ಕೆ ಹೊರಡುತ್ತಾರೆ. ಚಂದನಾಳನ್ನು ಕರೆದುಕೊಂಡು ನಾನು ಎಂಟರ ಬಸ್ಸಿಗೆ. ಅವರ ಪಂಚೆ, ಶಲ್ಯ ನನ್ನ ಚೀಲದಲ್ಲಿ; ಸೈಕಲ್ಲಿನ ಬಿಗಿ ಚಡ್ಡಿಯಲ್ಲಿ ಅಕ್ಕನ ಮನೆಯ ಎಲೆಯ ಎದುರು ಕೂರುವ ಧೈರ್ಯ ಮಾವನಿಗಿಲ್ಲ. ಇವತ್ತು ಸಂಜೆ ಆ ಪಂಚೆ ಮಡಚಿ ಇಡುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ವಿದ್ಯಾ, ಒಂದ್ ಉಪ್ಕಾರ ಆಯ್ಕಿತ್ತ್."

"ಹೇಳಿ ಮಾವ."

"ಬಸ್ಸಂಗೆ ಮಗಿನ್ ಎಡಬದಿ ಕಿಟ್ಕಿ ಹತ್ರ ಕೂರ್ಸ್. ನನ್ನ್ ದಾಟುವತಿಗೆ ಟಾಟಾ ಮಾಡುಕ್ ಹೇಳ್. ಕಾಂತ್ನಾ ಇಲ್ಯಾ ಅಂದ್ ನಂಗೂ ಗೊತ್ತಾಯ್ಕ್."