ಕೋಲು ಕೊಟ್ಟರು, ಓಟ ಬಿಟ್ಟುಕೊಡಲಿಲ್ಲ

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿ, ಗಾಲಿಮಂಚ ತಳ್ಳಿಕೊಂಡು ಹೋಗಲೆಂದು ನೆಲಮಹಡಿಯಿಂದ ಐದನೇ ಮಹಡಿಯವರೆಗೆ ಸುತ್ತಿಕೊಂಡು ಏರುವ ಒಂದು ಇಳಿಜಾರು ದಾರಿಯಿದೆ. ಅಲ್ಲಿಂದ ಧಪ್ ಧಪ್ ಎಂದು ಹೆಜ್ಜೆಯ ಸದ್ದು ಕೇಳುತ್ತದೆ. ರಾತ್ರಿ ಪಾಳಿ ಮುಗಿಸಿ ಇಳಿದು ಬರುತ್ತಿರುವ ನರ್ಸೊಬ್ಬರು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾರೆ.

"ಇನ್ನೂ ಎಷ್ಟು ಸುತ್ತು, ಲಿಫ್ಟಕ್ಕ?"

"ಇದೊಂದೇ ಸಿಸ್ಟರ್. ನಿನ್ನೆನೂ ಹೀಗೇ ಹೇಳಿದ್ದೆ, ನಂಬಬೇಡಿ!"

ನೀಲಿ ಸಮವಸ್ತ್ರ, ಮೊಣಕೈವರೆಗೆ ಮಡಚಿದ ತೋಳು, ಬಿಗಿದು ಕಟ್ಟಿದ ತುರುಬು, ವಯಸ್ಸು ನಲವತ್ತೇಳು. ಆಸ್ಪತ್ರೆಯ ಹಳೇ ಲಿಫ್ಟನ್ನು ಹತ್ತೊಂಬತ್ತು ವರ್ಷದಿಂದ ನಡೆಸುತ್ತಿರುವವರು ಇವರೇ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ. ಆದರೆ ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ ಲಿಫ್ಟಕ್ಕ. "ಊರಿಗೆಲ್ಲ ಮೇಲೆ ಹೋಗೋಕೆ ಲಿಫ್ಟು ಬೇಕು, ಲಿಫ್ಟಿನವರಿಗೆ ಮಾತ್ರ ಬೇಡ" ಎಂದು ನರ್ಸುಗಳು ನಗುತ್ತಾರೆ.

ಆರು ಗಂಟೆಗೆ ಮುಖ ತೊಳೆದುಕೊಂಡು ಲಿಫ್ಟಕ್ಕ ತಮ್ಮ ಡಬ್ಬಿಯ ಬೀಗ ತೆಗೆಯುತ್ತಾರೆ. ಡಬ್ಬಿ ಎನ್ನುವುದು ಅವರದ್ದೇ ಮಾತು. ನೆಲ ಒರೆಸಿ, ಗುಂಡಿಗಳನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ, ಕಬ್ಬಿಣದ ಜಾಲರಿ ಬಾಗಿಲನ್ನು ಎರಡು ಸಲ ಎಳೆದು ನೋಡುತ್ತಾರೆ. ಈ ಬಾಗಿಲು ತಾನಾಗಿ ಮುಚ್ಚುವ ಜಾತಿಯದ್ದಲ್ಲ. ಭುಜ ಕೊಟ್ಟು ಎಳೆಯಬೇಕು, ಅದೂ ದಿನಕ್ಕೆ ಇನ್ನೂರು ಸಲಕ್ಕೆ ಕಡಿಮೆಯಿಲ್ಲ. ಪಾಳಿ ಮುಗಿಯುವವರೆಗೂ ನಿಂತೇ ಇರಬೇಕು.

"ನಿಂತೂ ನಿಂತೂ ಕಾಲು ಕಂಬ ಆಗಿದೆ" ಎನ್ನುತ್ತಾರೆ. "ಒಂದು ಸುತ್ತಲ್ಲಿ ಹುಟ್ಟಿದ ಮಗು ಎತ್ಕೊಂಡು ಬರ್ತಾರೆ, ಇನ್ನೊಂದು ಸುತ್ತಲ್ಲಿ ಬಿಳೀ ಬಟ್ಟೆ ಹೊದಿಸಿ ತರ್ತಾರೆ. ನಾನು ಇಬ್ಬರಿಗೂ ಅದೇ ಬಾಗಿಲು ತೆಗೀಬೇಕು. ಲಿಫ್ಟಲ್ಲಿ ನೋಡಿದ್ದು ಲಿಫ್ಟಲ್ಲೇ ಬಿಟ್ಟು ಹೋಗ್ತೀನಿ. ಮನೆಗೆ ತಗೊಂಡು ಹೋದ್ರೆ ಊಟ ಸೇರಲ್ಲ."

ಹಾಗೆ ಬಿಟ್ಟು ಹೋಗಲಾಗದ ಒಂದು ಸಂಗತಿ ಹೋದ ಮಳೆಗಾಲದಲ್ಲಿ ನಡೆಯಿತು. ಹೊಳೆಯ ಕೆಳಗಿನ ಊರೊಂದರಲ್ಲಿ ಒಡ್ಡು ಒಡೆದು, ಬೆಳಗಾಗುವಷ್ಟರಲ್ಲಿ ಅರ್ಧ ಊರೇ ನೀರಿನ ಪಾಲಾಗಿತ್ತು. ಗಾಯಗೊಂಡವರನ್ನು ಲಾರಿಗಳಲ್ಲಿ ತಂದರು. ಲಿಫ್ಟಕ್ಕ ಎರಡು ದಿನ ಮನೆಗೆ ಹೋಗಲಿಲ್ಲ. ಆ ಗದ್ದಲದಲ್ಲಿ, ಕಾಲು ಮುರಿದ ಹೆಂಗಸೊಬ್ಬಳು ಗಾಲಿಮಂಚದ ಮೇಲಿಂದ ಇವರ ಮಣಿಕಟ್ಟು ಹಿಡಿದಳು.

"ಅಕ್ಕಾ, ಇದು ಎಷ್ಟು ಮೇಲೆ ಹೋಗುತ್ತೆ?"

"ಐದನೇ ಮಹಡಿ ತನಕ ಹೋಗುತ್ತಮ್ಮ. ನಿನ್ನ ವಾರ್ಡು ಎರಡರಲ್ಲಿ."

"ಬೇಡ. ಕಡೇ ಮಹಡಿಗೇ ಕರ್ಕೊಂಡು ಹೋಗು. ನೀರು ಅಲ್ಲಿಗೆ ಬರಲ್ಲ ಅಲ್ವಾ?"

ಗಾಲಿಮಂಚ ಹಿಡಿದಿದ್ದ ಆಳು ಲಿಫ್ಟಕ್ಕನ ಮುಖ ನೋಡಿದ. ಲಿಫ್ಟಕ್ಕ ಐದರ ಗುಂಡಿ ಒತ್ತಿದರು. ಮೇಲೆ ಬಾಗಿಲು ತೆಗೆದು, ಕಿಟಕಿಯ ಪಕ್ಕ ಮಂಚ ನಿಲ್ಲಿಸಿ, ಕೆಳಗೆ ಬೀದಿ ಒಣಗಿರುವುದನ್ನು ತೋರಿಸಿದರು. ಹೆಂಗಸು ಸ್ವಲ್ಪ ಹೊತ್ತು ನೋಡಿ, "ಸರಿ, ಇನ್ನು ಇಳಿಸು" ಎಂದಳು. ಆಮೇಲೆ ಎರಡನೇ ಮಹಡಿಗೆ ಇಳಿಸಿದರು.

"ಎರಡು ದಿನ ಬಿಟ್ಟು ಮನೆಗೆ ಹೋದ್ಮೇಲೂ ಮಣಿಕಟ್ಟಲ್ಲಿ ಅವಳ ಕೈ ಇದ್ದ ಹಾಗೇ ಇತ್ತು" ಎನ್ನುತ್ತಾರೆ ಲಿಫ್ಟಕ್ಕ.

ಕೆಲವು ತಿಂಗಳ ನಂತರ ಆಸ್ಪತ್ರೆಯವರು ಒಂದು ಓಟ ಹಮ್ಮಿಕೊಂಡರು. ಇಲ್ಲಿಂದ ಆ ಮುಳುಗಿದ ಊರಿನವರೆಗೆ ನಾಲ್ಕು ದಿನ, ಒಬ್ಬರ ಕೈಯಿಂದ ಒಬ್ಬರಿಗೆ ಕೋಲು ದಾಟಿಸುತ್ತ ಓಡುವುದು. ಓಡಿದ ಒಂದೊಂದು ಕಿಲೋಮೀಟರಿಗೂ ಜನ ಇಷ್ಟಿಷ್ಟು ಎಂದು ದುಡ್ಡು ಕೊಡುತ್ತಾರೆ. ಅಲ್ಲಿ ಕೊಚ್ಚಿಹೋದ ಹೆರಿಗೆ ಮನೆಯನ್ನು ಆ ದುಡ್ಡಲ್ಲಿ ಮತ್ತೆ ಕಟ್ಟಬೇಕು. ಮುರಿದ ಊರುಗೋಲೊಂದನ್ನು ಆಸ್ಪತ್ರೆಯ ಬಡಗಿ ಕತ್ತರಿಸಿ ನಯ ಮಾಡಿ ಕೋಲು ಮಾಡಿಕೊಟ್ಟರು. ಓಡುವವರು ಹೆಚ್ಚಾಗಿ ಎಳೆಯ ಡಾಕ್ಟರುಗಳು, ನರ್ಸುಗಳು. ಒಬ್ಬರು ಕಡಿಮೆ ಬಿದ್ದಾಗ ಲಿಫ್ಟಕ್ಕ ಹೋಗಿ, "ನನ್ನನ್ನ ಹಾಕ್ಕೊಳ್ಳಿ" ಎಂದರು. "ಲಿಫ್ಟ್ ಸಮೇತ ಬರ್ತೀರಾ?" ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು. ಲಿಫ್ಟಕ್ಕನೂ ನಕ್ಕರು, ಆದರೆ ಹೆಸರು ಸೇರಿಸಿಕೊಳ್ಳುವವರೆಗೂ ಅಲ್ಲಿಂದ ಕದಲಲಿಲ್ಲ.

ಮನೆಯಲ್ಲಿ ಸುದ್ದಿ ಕೇಳಿ ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿನ ಭೂತಗನ್ನಡಿ ತೆಗೆದು ನೋಡಿದರು. "ಹಾಲು ಉಕ್ಕಿದ್ರೂ ನಡ್ಕೊಂಡೇ ಬರೋಳು ಇವಳು. ಓಡ್ತಾಳಂತೆ!" ಅತ್ತೆಯ ಮಾತು ಇನ್ನೂ ಖಾರ: "ಏನೇ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ?" ಆದರೆ ಇಳಿಜಾರು ದಾರಿಯ ಅಭ್ಯಾಸ ಶುರುವಾಗಿ ವಾರ ಕಳೆದ ಮೇಲೆ, ಸೊಸೆ ಕುಂಟುತ್ತ ಬಂದದ್ದನ್ನು ಕಂಡ ಅದೇ ಅತ್ತೆ ಎಣ್ಣೆ ಬಿಸಿ ಮಾಡಿಕೊಂಡು ಬಂದು ಕೂತರು. "ನೀಡು ಕಾಲು. ಬಾಯಿ ಮುಚ್ಕೊಂಡು ನೀಡು." ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅತ್ತೆ ತಮ್ಮ ಕಾಲು ಮುಟ್ಟಿದ್ದು ಅದೇ ಮೊದಲು ಎಂದು ಹೇಳುವಾಗ ಲಿಫ್ಟಕ್ಕನಿಗೆ ಈಗಲೂ ನಾಚಿಕೆ.

ಅವರ ಪಾಲಿಗೆ ಬಂದದ್ದು ಕೊನೆಯ ದಿನದ ಬೆಳಗಿನ ಹದಿನೈದು ಕಿಲೋಮೀಟರು. ಹೊಳೆಯ ಸೇತುವೆಯ ತನಕ ಇವರು ಓಡಬೇಕು. ಅಲ್ಲಿಂದ ಊರೊಳಗಿನ ಮೈದಾನದವರೆಗಿನ ಮೂರು ಕಿಲೋಮೀಟರು ಒಬ್ಬ ಎಳೆಯ ಡಾಕ್ಟರದ್ದು. ಮೈದಾನದಲ್ಲಿ ವೇದಿಕೆ, ಮೈಕು, ಹಾರ, ಅತಿಥಿ.

ಆ ದಿನ ದಾರಿಯೇ ಕೈಕೊಟ್ಟಿತು. ಮೋರಿಯೊಂದು ಕುಸಿದು, ಹಿಂದಿನವರೆಲ್ಲ ಸುತ್ತು ಹಾಕಿ ಬರಬೇಕಾಯಿತು. ಲಿಫ್ಟಕ್ಕನ ಕೈಗೆ ಕೋಲು ಬಂದಾಗಲೇ ಬಿಸಿಲೇರಿತ್ತು. ಹಿಂದಿನಿಂದ ಆಂಬುಲೆನ್ಸು, ಮುಂದೆ ಕೆಸರು ಒಣಗಿ ಬಿರಿದ ರಸ್ತೆ. ಎರಡೂ ಬದಿಯ ಮನೆಗಳ ಗೋಡೆಯ ಮೇಲೆ ನೀರು ನಿಂತ ಗುರುತು ಆಳೆತ್ತರಕ್ಕೆ ಗೆರೆ ಎಳೆದಂತೆ ಉಳಿದಿತ್ತು.

ಅರ್ಧ ದಾರಿ ದಾಟಿದ್ದಾರೆ, ಒಂದು ಕಾರು ಬಂದು ಅಡ್ಡ ನಿಂತಿತು. ಇಳಿದವರು ಓಟದ ಸಂಚಾಲಕರೂ ಆಗಿದ್ದ ಆಸ್ಪತ್ರೆಯ ವ್ಯವಸ್ಥಾಪಕರು.

"ಲಿಫ್ಟಕ್ಕ, ಹತ್ತಿ ಬೇಗ. ಸೇತುವೆ ಹತ್ರ ಇಳಿಸ್ತೀನಿ. ಅತಿಥಿಗಳು ಬಂದು ಕೂತಾಗಿದೆ, ಇನ್ನು ಅರ್ಧ ಗಂಟೆ ಮೇಲೆ ಕಾಯಲ್ಲ ಅಂತಿದ್ದಾರೆ."

"ಇನ್ನೂ ಏಳು ಕಿಲೋಮೀಟರ್ ಇದೆಯಲ್ಲ ಸಾರ್?"

"ಅದಕ್ಕೇ ಹೇಳ್ತಿರೋದು! ಯಾರು ನೋಡ್ತಾರೆ ಇಲ್ಲಿ?"

ಸಂಚಾಲಕರು ಕೆಟ್ಟವರಲ್ಲ. ಹೆರಿಗೆ ಮನೆಯ ಚಾವಣಿಯ ಖರ್ಚು ಪೂರ್ತಿ ಕೊಡುತ್ತೇನೆಂದು ಆ ಅತಿಥಿ ಮಾತು ಕೊಟ್ಟಿದ್ದರು, ಅದನ್ನು ವೇದಿಕೆಯಲ್ಲಿ ಕೋಲು ಕೈಗೆತ್ತಿಕೊಂಡೇ ಸಾರಬೇಕಿತ್ತು. ಅವರು ಎದ್ದು ಹೋದರೆ ಚಾವಣಿಯೂ ಎದ್ದು ಹೋದಂತೆಯೇ. ಇದನ್ನೆಲ್ಲ ಸಂಚಾಲಕರು ಒಂದೇ ಉಸಿರಿನಲ್ಲಿ ಹೇಳಿದರು. ಲಿಫ್ಟಕ್ಕ ಮಂಡಿಯ ಮೇಲೆ ಕೈಯೂರಿಕೊಂಡು ಕೇಳಿದರು.

"ಚಾವಣಿ ಬೇಕು ಸಾರ್, ಇಲ್ಲ ಅನ್ನಲ್ಲ" ಎಂದರು. "ಆದ್ರೆ ನಮ್ಮ ಬೀದಿ ಜನ, ಗಂಡನ ಅಂಗಡಿಗೆ ಬರೋರು, ವಾರ್ಡಲ್ಲಿ ಮಲಗಿದ್ದ ರೋಗಿಗಳು, ಎಲ್ಲರೂ ನಾನು ಓಡ್ತೀನಿ ಅಂತ ದುಡ್ಡು ಕೊಟ್ಟಿದ್ದಾರೆ. ಕಾರಲ್ಲಿ ಕೂತ್ರೆ ಏಳು ಕಿಲೋಮೀಟರ್ ಸುಳ್ಳಾಗುತ್ತೆ. ನಾಳೆ ಅವರಿಗೇ ಬಾಗಿಲು ತೆಗೀಬೇಕಲ್ಲ ನಾನು!"

"ಹಾಗಾದ್ರೆ ಏನು ಮಾಡೋಣ?"

ಲಿಫ್ಟಕ್ಕ ಕೈಲಿದ್ದುದನ್ನು ಮುಂದೆ ಚಾಚಿದರು. "ಕೋಲು ತಗೊಂಡು ಹೋಗಿ ಸಾರ್. ಓಟ ಮಾತ್ರ ಕೊಡಲ್ಲ."

ಕಾರು ಧೂಳೆಬ್ಬಿಸಿ ಹೋಯಿತು. ಲಿಫ್ಟಕ್ಕ ಬರಿಗೈಯಲ್ಲಿ ಮತ್ತೆ ಓಡತೊಡಗಿದರು. "ನನಗೆ ಕಣ್ಣೀರು ಬರೋದೊಂದು ಬಾಕಿ" ಎಂದು ಹಿಂದೆ ಆಂಬುಲೆನ್ಸ್ ಓಡಿಸುತ್ತಿದ್ದ ಡ್ರೈವರ್ ನೆನೆಯುತ್ತಾರೆ. "ಸೈರನ್ ಹಾಕ್ಲಾ ಅಕ್ಕ ಅಂದೆ. 'ಸುಮ್ನಿರೋ, ಜನ ಹೆದರ್ತಾರೆ' ಅಂದ್ರು." ಹತ್ತನೇ ಕಿಲೋಮೀಟರು ದಾಟುತ್ತಲೇ ಎಡಗಾಲಿನ ಹಿಮ್ಮಡಿಯ ಬೊಬ್ಬೆ ಒಡೆಯಿತು. ಓಟ ಕುಂಟಾಟಕ್ಕೆ ಇಳಿಯಿತು. ಮನೆಯಿಂದ ಕೆಸರು ಎತ್ತಿ ಹಾಕುತ್ತಿದ್ದ ಮುದುಕರೊಬ್ಬರು ಸಲಿಕೆ ಊರಿ ನಿಂತು, "ಬಸ್ಸು ತಪ್ಪಿತೇನಮ್ಮ? ಹಿಂದೆ ಖಾಲಿ ಗಾಡಿ ಬರ್ತಿದೆಯಲ್ಲ, ಹತ್ತಬಾರದಾ?" ಎಂದು ಕೇಳಿದರು. ಡ್ರೈವರ್ ತಲೆ ಹೊರಗೆ ಹಾಕಿ, "ಎಲ್ಲರೂ ಹೇಳಿ ಆಯ್ತಜ್ಜ, ಕೇಳೋ ಜಾತಿ ಅಲ್ಲ ಇವರು!" ಎಂದರು. ಮುದುಕರು ಒಳಗೆ ಹೋಗಿ ಚೊಂಬಿನ ತುಂಬ ನೀರು ತಂದರು. ಲಿಫ್ಟಕ್ಕ ಅರ್ಧ ಕುಡಿದು, ಅರ್ಧ ತಲೆಗೆ ಸುರಿದುಕೊಂಡರು.

ದೂರದಲ್ಲಿ ಮೈಕಿನ ಭಾಷಣ ಕೇಳಿಸಿತು. ಆಮೇಲೆ ಚಪ್ಪಾಳೆ. ಸ್ವಲ್ಪ ಹೊತ್ತಿಗೆ ಎರಡೂ ನಿಂತವು. ಎದುರಿನಿಂದ ಕಾರುಗಳು ಒಂದರ ಹಿಂದೊಂದು ಬಂದು ಪಕ್ಕದಲ್ಲೇ ಹಾದುಹೋದವು. ಯಾರೂ ಗಾಜು ಇಳಿಸಲಿಲ್ಲ. "ಆಗ ಒಂದು ಗಳಿಗೆ ಅನ್ನಿಸ್ತು, ನಾನೇನು ಹುಚ್ಚಿಯಾ ಅಂತ" ಎಂದು ಲಿಫ್ಟಕ್ಕ ಒಪ್ಪಿಕೊಳ್ಳುತ್ತಾರೆ. "ಕಾಲೂ ಅದನ್ನೇ ಹೇಳ್ತಿತ್ತು. ಇಬ್ಬರಿಗೂ ಉತ್ತರ ಕೊಡೋಕೆ ಉಸಿರಿರಲಿಲ್ಲ. ಅದಕ್ಕೇ ಓಡ್ತಾ ಹೋದೆ."

ಸೇತುವೆ ಕಣ್ಣಿಗೆ ಬಿದ್ದಾಗ ಅದರ ತುದಿಯಲ್ಲಿ ಯಾರೋ ಒಬ್ಬರು ನಿಂತಿದ್ದರು. ಕೊರಳಲ್ಲಿ ಬಾಡಿದ ಹಾರ, ಕೈಯಲ್ಲಿ ಕೋಲು. ಆ ಎಳೆಯ ಡಾಕ್ಟರು. ಕಾರಿನಲ್ಲಿ ಬಂದ ಕೋಲು ಹಿಡಿದು ತಮ್ಮ ಪಾಲು ಓಡಿ, ವೇದಿಕೆಯಲ್ಲಿ ಫೋಟೋ ತೆಗೆಸಿಕೊಂಡಿದ್ದರು. ಲಿಫ್ಟಕ್ಕ ಇನ್ನೂ ದಾರಿಯಲ್ಲಿದ್ದಾರೆಂದು ಆಮೇಲೆ ಗೊತ್ತಾಗಿ, ಮೂರು ಕಿಲೋಮೀಟರು ನಡೆದುಕೊಂಡೇ ವಾಪಸು ಬಂದಿದ್ದರು.

"ಅಕ್ಕಾ, ನನಗೆ ಯಾರೂ ಹೇಳಲಿಲ್ಲ" ಎಂದರು ಡಾಕ್ಟರು. ಕೋಲನ್ನು ಲಿಫ್ಟಕ್ಕನ ಕೈಗಿಟ್ಟು, ನಾಲ್ಕು ಹೆಜ್ಜೆ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತು, ಕೈ ಹಿಂದಕ್ಕೆ ಚಾಚಿದರು. "ಈಗ ಸರಿಯಾಗಿ ಕೊಡಿ."

ಲಿಫ್ಟಕ್ಕ ಕೊನೆಯ ನಾಲ್ಕು ಹೆಜ್ಜೆ ಓಡಿಯೇ ಬಂದು ಕೋಲನ್ನು ಆ ಅಂಗೈಗೆ ಒತ್ತಿದರು. ಡಾಕ್ಟರು ಸೇತುವೆಯ ಮೇಲೆ ಓಡತೊಡಗಿದರು, ನೋಡುವವರು ಯಾರೂ ಇಲ್ಲದ ಮೈದಾನದ ಕಡೆಗೆ. ಡ್ರೈವರ್‌ಗೆ ಉತ್ಸಾಹ ಉಕ್ಕಿತ್ತು. "ನೀವೂ ಓಡಿ ಅಕ್ಕ, ಇನ್ನು ಮೂರೇ ಕಿಲೋಮೀಟರು!" ಲಿಫ್ಟಕ್ಕ ಆಗಲೇ ಆಂಬುಲೆನ್ಸಿನ ಮುಂದಿನ ಬಾಗಿಲು ತೆಗೆದು ಹತ್ತುತ್ತಿದ್ದರು. "ಸೇತುವೆಯಿಂದಾಚೆ ನನ್ನ ಪಾಲಲ್ಲ ಕಣೋ. ಅವರದ್ದು ಅವರು ಓಡಲಿ. ಕಾಲು ಚಾಚೋಕೆ ಜಾಗ ಬಿಡು."

ಮರುದಿನದ ಪತ್ರಿಕೆಯ ಚಿತ್ರದಲ್ಲಿ ಲಿಫ್ಟಕ್ಕ ಇರಲಿಲ್ಲ. ಅತಿಥಿ ಮಾತಿಗೆ ತಪ್ಪಲಿಲ್ಲ, ಹೆರಿಗೆ ಮನೆಯ ಗೋಡೆ ಎದ್ದಿದೆ, ಚಾವಣಿಯ ಕೆಲಸ ನಡೆಯುತ್ತಿದೆ. ಸಂಚಾಲಕರು ವಾರವಿಡೀ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದರಂತೆ. ಎಂಟನೇ ದಿನ ಮಂಡಿ ನೋವು ತಾಳಲಾರದೆ ಒಳಗೆ ಬಂದು, ನೆಲ ನೋಡುತ್ತ, "ನಂದು ತಪ್ಪಾಯ್ತು ಲಿಫ್ಟಕ್ಕ" ಎಂದರು. "ನೀವೂ ಚಾವಣಿಗೋಸ್ಕರ ಓಡಾಡಿದ್ರಿ ಸಾರ್. ಯಾವ ಮಹಡಿ?" ಎಂದು ಇವರು ಬಾಗಿಲೆಳೆದರು.

ಈಗಲೂ ಬೆಳಗಿನ ಹೊತ್ತು ಇಳಿಜಾರು ದಾರಿಯಲ್ಲಿ ಓಡುತ್ತೀರಲ್ಲ, ಇನ್ನೊಂದು ಓಟಕ್ಕೆ ತಯಾರಿಯೇ ಎಂದು ಕೇಳಿದರೆ ಲಿಫ್ಟಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. ಬಾಗಿಲ ಬಳಿ ಗಾಲಿಮಂಚವೊಂದು ಬಂದು ನಿಂತಿದೆ. ಅದಕ್ಕೆ ದಾರಿ ಮಾಡಿಕೊಡುತ್ತಲೇ ಹೇಳುತ್ತಾರೆ:

"ಅಂಥ ಓಟ ಮತ್ತೆ ಬರೋದೇ ಬೇಡ. ಬಂತು ಅಂದ್ರೆ ಇನ್ನೆಲ್ಲೋ ಊರು ಮುಳುಗಿದೆ ಅಂತ ಅರ್ಥ. ಏನೂ ಆಗದೇ, ಯಾರಿಗೂ ಏನೂ ಬೇಕಾಗಿರದೇ, ಸುಮ್ಮನೆ ಖುಷಿಗೆ ಅಂತ ಯಾರಾದ್ರೂ ಓಟ ಇಟ್ಟರೆ ನನಗೊಂದು ಮಾತು ಹೇಳಿ ಕಳಿಸಿ. ಎಲ್ಲರಿಗಿಂತ ಮುಂಚೆ ಬಂದು ನಿಂತಿರ್ತೀನಿ."