ಹನ್ನೊಂದನೆಯ ಟಿಕೆಟ್ಟು

ಶ್ರೀಲಂಕಾದಲ್ಲಿ ನಾಲ್ಕು ದಿನ ಸುತ್ತಿಬರಲು ತಲೆಗೆ ಮೂವತ್ತೆಂಟು ಸಾವಿರ ಆಯಿತು. ಏಜೆಂಟು ಮೊದಲು ಹೇಳಿದ್ದು ನಲವತ್ತಮೂರು. ಐದು ಸಾವಿರ ಇಳಿಸಿದ್ದಲ್ಲದೆ ನನ್ನ ಯಜಮಾನರ ಟಿಕೆಟ್ಟನ್ನು ಪೂರ್ತಿ ಪುಕ್ಕಟೆ ಮಾಡಿಸಿಕೊಂಡೆ. ಅವರಿಗೆ ಅರವತ್ತು ತುಂಬುತ್ತದೆಂದೇ ಆ ಪ್ರವಾಸ ಗೊತ್ತುಮಾಡಿದ್ದು. ಹೊರಟವರು ಹತ್ತು ಜನ. ಅವರೊಬ್ಬರು ಬರಲಿಲ್ಲ.

ನಾನು ಚೌಕಾಸಿಯಲ್ಲೇ ಬದುಕು ಕಟ್ಟಿಕೊಂಡವಳು. ತಲೆಯ ಮೇಲೆ ಮಂಕರಿ ಹೊತ್ತು ಹದಿನಾರು, ಮೂಗೂರು, ಸೋಸಲೆ ಎಂಬ ಊರುಗಳ ಬೀದಿಗಳಲ್ಲಿ ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತಿದ್ದೆ. ನಾಲ್ಕು ಸೀರೆ ಕೊಟ್ಟು ದೊಡ್ಡ ಕೊಳಗ ಕೇಳುವವರನ್ನು ಒಂದು ಚಿಕ್ಕ ಡಬರಿಗೆ ಒಪ್ಪಿಸಿ, ಅವರು ನಗುತ್ತಾ ಒಳಗೆ ಹೋಗುವಂತೆ ಮಾಡುವುದು ನನಗೆ ಗೊತ್ತಿತ್ತು. ಆಮೇಲೆ ನಂಜನಗೂಡಿನಲ್ಲಿ ಸ್ವಂತ ಪಾತ್ರೆ ಅಂಗಡಿ ಆಯಿತು. ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರ್. ನಂಜನಗೂಡು, ಟಿ. ನರಸೀಪುರದ ನಡುವೆಯೇ ಹೆಚ್ಚು ಓಡಿಸಿದರು. ನಾನೂ ಎಷ್ಟೋ ದಿನ ಅದೇ ಬಸ್ಸು ಹತ್ತಿದ್ದೇನೆ, ಹಿಂದಿನ ಸೀಟಿನಲ್ಲಿ, ಪಾತ್ರೆಗಳ ನಡುವೆ. ಅವರು ಮುಂದೆ ಸ್ಟೀರಿಂಗ್ ಹಿಡಿದು ಕೂತಿರುತ್ತಿದ್ದರು. ಮದುವೆಯಾಗಿ ಮೂವತ್ತೆರಡು ವರ್ಷ ಕಳೆದರೂ ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತು ನಾವು ಎಲ್ಲಿಗೂ ಹೋದವರಲ್ಲ.

ಅವರು ಬಾಯಿ ಬಿಟ್ಟು ಏನನ್ನೂ ಕೇಳುವ ಮನುಷ್ಯರಲ್ಲ. ರಿಟೈರಾಗುವ ಹೊತ್ತಿಗೆ ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ನಾನೇ ಕೇಳಿದೆ. ಒಂದು ವಾಚು, ಹೆಚ್ಚೆಂದರೆ ಒಂದು ಜೊತೆ ಬಟ್ಟೆ ಎಂದುಕೊಂಡಿದ್ದೆ. ಮೂರನೆಯ ದಿನ ಊಟ ಮಾಡುತ್ತಾ, ತಟ್ಟೆಯಿಂದ ತಲೆ ಎತ್ತದೆ ಹೇಳಿದರು:

"ಲಂಕೇಲಿ ಬೋಧಿ ಮರ ಅದಂತೆ ಕಣಮ್ಮಿ. ಬುದ್ಧ ಕುಂತಿದ್ ಮರದ್ ಕೊಂಬೇನೇ ತಕ್ಕಂಡೋಗಿ ನೆಟ್ಟಿರದಂತೆ. ನಾವಿಬ್ರೇ ಓಗ್ಬರವಾ. ಒಂದೊತ್ತು ಅದರ್ ಕೆಳ್ಗೆ ಕುಂತಿದ್ದು ಬಂದ್ಬುಡವಾ."

ನಮ್ಮದು ಬುದ್ಧನಿಗೆ ನಡೆದುಕೊಳ್ಳುವ ಮನೆ. ಯಾವುದೋ ಹುಣ್ಣಿಮೆಯ ದಿನ ವಿಹಾರದ ಭಿಕ್ಷು ಭಂತೇಜಿ ಹೇಳಿದ್ದನ್ನು ಅವರು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆಂದು ನನಗೆ ಅವತ್ತೇ ಗೊತ್ತಾದದ್ದು. ಆಗಲಿ ಎಂದೆ. ಮೈಸೂರಿಗೆ ಓಡಾಡಿ ಪಾಸ್‌ಪೋರ್ಟ್ ಮಾಡಿಸಿದೆವು. ಅವರ ಇನಿಷಿಯಲ್ ಆಧಾರಿನಲ್ಲಿ ಒಂದು ಥರ, ಶಾಲೆಯ ಟಿಸಿಯಲ್ಲಿ ಇನ್ನೊಂದು ಥರ ಇತ್ತು. ಅದನ್ನು ಸರಿಮಾಡಿಸಲು ಒಂದು ತಿಂಗಳು ಹಿಡಿಯಿತು. ಪಾಸ್‌ಪೋರ್ಟ್ ಬಂದ ದಿನ ಅವರು ಅದಕ್ಕೆ ಪ್ಲಾಸ್ಟಿಕ್ ಕವರು ಹಾಕಿ, ಆಮೇಲೆ ಎರಡು ಸಲ ತೆಗೆದು ನೋಡಿದರು.

ಪ್ರವಾಸದ ಏಜೆಂಟು ಟಿ. ನರಸೀಪುರದವನು. ಅವನ ಮುಂದೆ ಕೂತಾಗ ನನಗೆ ಅಂಗಡಿಯಲ್ಲಿ ಕೂತಷ್ಟೇ ಹುರುಪು. ಬೇರೆ ಕಡೆ ಇಷ್ಟು ಹೇಳಿದರು ಎಂದೆ, ಎದ್ದು ಹೊರಟೆ, ಬಾಗಿಲ ತನಕ ಹೋಗಿ ವಾಪಸ್ ಬಂದೆ. ನಲವತ್ತಮೂರು ನಲವತ್ತೊಂದಾಯಿತು. ಅಲ್ಲಿಂದ ಕೆಳಗೆ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

"ಇಬ್ರಿಗೇ ಒಂದು ಕಾರು, ಒಬ್ಬ ಗೈಡು ಅಂದ್ರೆ ಗಿಟ್ಟಲ್ಲಮ್ಮಾ," ಎಂದ. "ಹತ್ತು ಜನ ಮಾಡ್ಕೊಡಿ. ಮೂವತ್ತೆಂಟಕ್ಕೆ ಮಾಡ್ತೀನಿ. ಹನ್ನೊಂದನೇ ಟಿಕೆಟ್ಟು ನಿಮ್ಗೆ ಫ್ರೀ."

ಫ್ರೀ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಬಸ್ಸು ನಂಜನಗೂಡು ಮುಟ್ಟುವಷ್ಟರಲ್ಲಿ ಐದು ಜನಕ್ಕೆ ಫೋನ್ ಮಾಡಿದ್ದೆ. ಸೋಸಲೆಯಲ್ಲಿರುವ ನನ್ನ ಅಕ್ಕ, ಭಾವ, ಅಂಗಡಿಗೆ ಖಾಯಂ ಬರುವ ಒಬ್ಬರು ರಿಟೈರ್ಡ್ ಮೇಡಮ್ಮು, ಹಾಲಿನ ಡೇರಿಗೆ ಕ್ಯಾನು ಕೊಂಡುಕೊಂಡು ಗೆಳೆತನ ಬೆಳೆಸಿದ ಹದಿನಾರಿನ ಎರಡು ಮನೆಯವರು. ವಾರದೊಳಗೆ ನನ್ನನ್ನೂ ಸೇರಿಸಿ ಹತ್ತು ಆಯಿತು.

ಮನೆಯಲ್ಲಿ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. ಇಬ್ಬರೇ ಅಂದಿದ್ದೆವಲ್ಲ? ನಾನು ಮೂವತ್ತೆಂಟು ಸಾವಿರ ಉಳಿಯುವ ವಿಷಯ ಹೇಳಿದೆ. ಜನ ಜೊತೆಗಿದ್ದರೆ ಬೇಜಾರಾಗುವುದಿಲ್ಲ ಎಂದೆ. ಅಲ್ಲಿ ಯಾರಿಗೂ ನಮ್ಮ ಭಾಷೆ ಬರುವುದಿಲ್ಲ, ಜೊತೆಯವರು ಕಷ್ಟಕ್ಕೆ ಆಗುತ್ತಾರೆ ಎಂದೆ. ಅವರು ಸುಮ್ಮನಾದರು. ನಮ್ಮ ವ್ಯಾಪಾರದಲ್ಲಿ ಗಿರಾಕಿ ಸುಮ್ಮನಾದರೆ ವ್ಯಾಪಾರ ಕುದುರಿತು ಎಂದರ್ಥ. ಗಂಡನ ಮೌನವನ್ನೂ ಅದೇ ತಕ್ಕಡಿಗೆ ಹಾಕಿದೆ.

ಅದನ್ನಾದರೂ ಅವರು ನುಂಗಿಕೊಳ್ಳುತ್ತಿದ್ದರೇನೋ. ಮಾಡಬಾರದ್ದನ್ನು ಮಾಡಿದ್ದು ಆಮೇಲೆ. ಹೊರಡಲು ಮೂರು ವಾರ ಇದ್ದಾಗ ಏಜೆಂಟು ಅಂಗಡಿಗೆ ಫೋನ್ ಮಾಡಿದ. ಬೋಧಿ ಮರ ಇರುವ ಅನುರಾಧಪುರ ಒಂದು ದಿಕ್ಕು, ಟೀ ತೋಟದ ಬೆಟ್ಟ ಇನ್ನೊಂದು ದಿಕ್ಕು, ನಾಲ್ಕು ದಿನದಲ್ಲಿ ಎರಡೂ ಆಗುವುದಿಲ್ಲ ಎಂದ. ಅಕ್ಕನಿಗೆ ಬೆಟ್ಟದ ಮೇಲಿನ ಅಮ್ಮನವರ ಗುಡಿ ನೋಡಬೇಕಿತ್ತಂತೆ, ಉಳಿದವರಿಗೆ ಟೀ ತೋಟ. ಎಲ್ಲರೂ ಅವನಿಗೆ ಫೋನ್ ಮಾಡಿ ಹೇಳಿಯಾಗಿತ್ತು. ಎದುರಿಗೆ ಮದುವೆಮನೆಯವರು ಕೊಳಗ ಬಡಿದು ಬಡಿದು ನೋಡುತ್ತಿದ್ದರು. ಒಂದು ಕೈಯಲ್ಲಿ ಫೋನ್ ಹಿಡಿದೇ ನಾನು ಕೇಳಿದೆ: ಮರ ಬಿಟ್ಟರೆ ನನಗೇನು ಕೊಡುತ್ತೀಯ? ನಂಜನಗೂಡಿನಿಂದ ಏರ್‌ಪೋರ್ಟಿಗೆ ಹೋಗಿಬರಲು ಟೆಂಪೋ ಕೊಡುತ್ತೇನೆ ಎಂದ. ಆಯಿತು ಎಂದೆ. ಹುಟ್ಟುಹಬ್ಬಕ್ಕೊಂದು ಕೇಕನ್ನೂ ಸೇರಿಸು ಎಂದೆ. ಅದಕ್ಕೂ ಒಪ್ಪಿದ.

ಸಂಜೆ ಯಜಮಾನರಿಗೆ ಹೇಳಬೇಕೆಂದುಕೊಂಡೆ. ಮರುದಿನ ಹೇಳೋಣ ಎಂದುಕೊಂಡೆ. ಹೇಳಲಿಲ್ಲ. ಅಷ್ಟರಲ್ಲಿ ಅವರು ವಿಹಾರಕ್ಕೆ ಹೋಗಿ, ಬೋಧಿ ಮರದ ಹತ್ತಿರಕ್ಕೆ ಬಿಳಿ ಬಟ್ಟೆ ಉಟ್ಟು ಹೋಗುತ್ತಾರಂತೆ ಎಂದು ವಿಚಾರಿಸಿಕೊಂಡು ಬಂದು, ಒಂದು ಬಿಳಿ ಶರಟು ಹೊಲಿಸಿದರು. ಆಗಲೂ ಹೇಳಲಿಲ್ಲ.

ಏಜೆಂಟಿನ ಕಡೆಯವರು ಟಿಕೆಟ್ಟುಗಳನ್ನೂ ದಿನದಿನದ ಪಟ್ಟಿಯನ್ನೂ ಅಂಗಡಿಗೆ ತಂದುಕೊಟ್ಟಾಗ ನಾನು ಬ್ಯಾಂಕಿಗೆ ಹೋಗಿದ್ದೆ. ಗಲ್ಲಾದ ಮೇಲೆ ಯಜಮಾನರು ಕೂತಿದ್ದರು. ನಾನು ಬರುವಷ್ಟರಲ್ಲಿ ಪಟ್ಟಿ ಓದಿ ಮುಗಿಸಿ, ನಾಲ್ಕಾಗಿ ಮಡಚಿ ಇಟ್ಟಿದ್ದರು. ಮರ ಎಲ್ಲಿ ಎಂದು ಕೇಳಲಿಲ್ಲ. ನಾನೇ ಶುರು ಮಾಡಿದೆ. ದೂರ ಜಾಸ್ತಿ, ಎಲ್ಲರ ಆಸೆ ನೋಡಬೇಕಲ್ಲ, ಟೆಂಪೋ ಬೇರೆ ಕೊಟ್ಟಿದ್ದಾರೆ. ಮಾತು ಬಾಯಿಂದ ಬರುತ್ತಿರುವಾಗಲೇ ಅದರ ಹೊಲಸು ನನಗೇ ತಿಳಿಯುತ್ತಿತ್ತು.

"ನಾ ಬರಕಿಲ್ಲ," ಎಂದರು.

ಟಿಕೆಟ್ಟಾಗಿದೆ, ಹೆಸರು ಬದಲಾಯಿಸಲು ಆಗುವುದಿಲ್ಲ, ದುಡ್ಡು ವಾಪಸ್ ಬರುವುದಿಲ್ಲ ಎಂದೆ.

"ಪುಕ್ಕಟೆ ಟಿಕೆಟ್ಟು ತಾನೆ ನಂದು? ನಾ ಬರದಿದ್ರೆ ನಿಂಗೇನೂ ಲುಕ್ಸಾನಿಲ್ಲ ಬುಡು."

ಕೋಪದಲ್ಲಿ ಹೇಳಿದ್ದರೆ ನಾನೂ ಕೋಪದಲ್ಲಿ ಉತ್ತರ ಕೊಡುತ್ತಿದ್ದೆ. ಚಿಲ್ಲರೆ ವಾಪಸ್ ಕೊಡುವ ದನಿಯಲ್ಲಿ ಹೇಳಿದರು. ಅಕ್ಕ ಬಂದು ಬುದ್ಧಿ ಹೇಳಿದಳು, ಭಾವ ತಮಾಷೆ ಮಾಡಿದರು, ಮಂಡಿ ನೋವು ಎಂದು ಇಬ್ಬರಿಗೂ ಒಂದೇ ಉತ್ತರ. ನನ್ನ ಮಾನ ಹೋಗದಿರಲಿ ಎಂದು ಹೇಳಿದ ಸುಳ್ಳು ಅದು. ನಾನೂ ನಿಂತುಬಿಡುತ್ತೇನೆ ಎಂದೆ. ನಿನ್ನ ಮಾತು ನಂಬಿ ಹೊರಟವರನ್ನು ನಡುನೀರಲ್ಲಿ ಬಿಡಬೇಡ ಎಂದರು. ಹೋದೆ.

ಹುಟ್ಟುಹಬ್ಬದ ದಿನ ನಾವು ಬೆಟ್ಟದ ಮೇಲಿದ್ದೆವು. ಹೋಟೆಲಿನವರು ಸಂಜೆ ಕೇಕು ತಂದಿಟ್ಟರು, ಮೇಲೆ ಯಜಮಾನರ ಹೆಸರು. ಏಜೆಂಟು ಬೇಡ ಎಂದು ಹೇಳುವುದನ್ನು ಮರೆತಿದ್ದ. ಬೇಕೆಂದು ಕೇಳಿ ಹಾಕಿಸಿಕೊಂಡವಳು ನಾನೇ, ಯಾರನ್ನು ಬೈಯಲಿ? ಹಾಳಾಗುತ್ತೆ ಎಂದು ಅಕ್ಕ ಚಾಕು ತೆಗೆದುಕೊಂಡು ಕತ್ತರಿಸಿದಳು. ನನ್ನ ಪಾಲಿಗೆ ಬಂದದ್ದು ಹೆಸರಿನ ಕೊನೆಯ ಅಕ್ಷರ. ತಿನ್ನಲಾರದೆ ಪೇಪರ್ ತಟ್ಟೆಯಲ್ಲೇ ಬಿಟ್ಟೆ. ಮನೆಗೆ ಫೋನ್ ಮಾಡಿದೆ. ಅಂಗಡಿ ಬಾಗಿಲು ಹಾಕಿ ಬಂದೆ, ಅನ್ನ ಸಾರು ಮಾಡಿಕೊಂಡೆ ಎಂದರು. ಎಲ್ಲರೂ ಆರೋಗ್ಯವಾಗಿದ್ದಾರಾ ಎಂದು ಕೇಳಿದರು. ಏನು ನೋಡಿದಿರಿ ಎಂದು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಬಂದು ಎರಡು ತಿಂಗಳಾದ ಮೇಲೆ, ಏಜೆಂಟು ಹೇಳಿದ ರೇಟಿಗೇ, ಇಬ್ಬರೇ ಹೋಗೋಣ ಎಂದೆ. ಅವರು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು.

"ಬ್ಯಾಡ ಕಣಮ್ಮಿ. ಅವತ್ತು ಆಸೆ ಇತ್ತು."

ಬಿಳಿ ಶರಟನ್ನು ದಿನಬಳಕೆಗೆ ಹಾಕಿ ಹಾಕಿ ಕಾಲರು ಸವೆಸಿದ್ದಾರೆ.

ನಿಮ್ಮ ಮನೆಯವರನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ನನ್ನ ಮಾತು ಕೇಳಿ. ಹೆಸರು, ಇನಿಷಿಯಲ್ ಎಲ್ಲ ಕಾಗದದಲ್ಲೂ ಒಂದೇ ಇದೆಯೇ ಎಂದು ಆರು ತಿಂಗಳು ಮೊದಲೇ ನೋಡಿಕೊಳ್ಳಿ. ಯಾರಿಗೆಂದು ಹೊರಟಿದ್ದೀರೋ ಅವರನ್ನು ಏಜೆಂಟಿನ ಮುಂದೆ ಪಕ್ಕದಲ್ಲೇ ಕೂರಿಸಿಕೊಳ್ಳಿ. ಅವರು ನೋಡಬೇಕೆಂದ ಜಾಗ ಪಟ್ಟಿಯಲ್ಲಿ ಮೊದಲ ದಿನವೇ ಇರಲಿ, ಕೊನೆಯ ದಿನಕ್ಕೆ ಹಾಕಿದ್ದು ಮೊದಲು ಹಾರಿಹೋಗುತ್ತದೆ. ಫೋನಿನಲ್ಲಿ ಯಾವ ಬದಲಾವಣೆಗೂ ಹೂಂ ಅನ್ನಬೇಡಿ. ಇಬ್ಬರೇ ಹೋದರೆ ರೇಟು ಜಾಸ್ತಿ ಹೇಳುತ್ತಾರೆ. ಮೋಸ ಇರಲಿಕ್ಕಿಲ್ಲ, ಕಾರಿನ ಖರ್ಚು ಹಂಚಿಕೊಳ್ಳಲು ಬೇರೆ ಜನ ಇರುವುದಿಲ್ಲ ಅಷ್ಟೆ. ಕೊಟ್ಟುಬಿಡಿ. ಚೌಕಾಸಿ ಮಾಡದೆ ಕೈ ತಡೆಯುವುದೇ ಇಲ್ಲ ಎಂದರೆ, ಅಲ್ಲಿ ಇಳಿದ ಮೇಲೆ ಎಳನೀರಿನವನ ಹತ್ತಿರ ಮಾಡಿ.